ಗಂಡಸರ ಅಧ್ಯಯನಕ್ಕೆ ಶಿರಾ-ಉಪ್ಪಿಟ್ಟು

ನನ್ನ ತಂಗಿಯ ಮಗಳು ಸವಿತಾ ಧಾರವಾಡದಲ್ಲಿ ಗಂಡಸರ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದು ಕೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಅದಕ್ಕೆ ಧಾರವಾಡದವರೆಗೆ ಹೋಗಬೇಕೆ? ಗಜೇಂದ್ರಗಡದ ನನ್ನ ಅಡುಗೆಮನೆಯ ಬಾಗಿಲಲ್ಲಿ ನಾಲ್ಕು ದಿನ ಕುಳಿತರೆ ಯಾರು ಬೇಕಾದರೂ ಪಾಸಾಗಬಹುದು. ತವರಿನಲ್ಲಿ ಅಪ್ಪ, ಅಣ್ಣಂದಿರು. ಇಲ್ಲಿ ಮಾವ, ಮೈದುನ, ಗಂಡ. ಇಷ್ಟು ಜನಕ್ಕೆ ರೊಟ್ಟಿ ಬಡಿದು ಹಾಕಿದವಳಿಗೆ ಗೊತ್ತಿಲ್ಲದ ಗಂಡಸುತನ ಪುಸ್ತಕದಲ್ಲಿ ಏನಿದ್ದೀತು!

ಆ ಸವಿತಾ ಒಂದು ಶುಕ್ರವಾರ ಸಂಜೆ ಬೆನ್ನಿಗೊಂದು ಚೀಲ ಹಾಕಿಕೊಂಡು ನಮ್ಮ ಮನೆಗೆ ಬಂದಳು. ಮುಖ ಬಾಡಿದ ಬದನೆಕಾಯಿಯಾಗಿತ್ತು.

"ಏನಾತವಾ?" ಎಂದೆ.

"ದೊಡ್ಡವ್ವ, ಗಂಡಸ್ರು ಮಾತಾಡವಲ್ರು."

"ಹೋಗ ಹುಚ್ಚಿ! ನಮ್ಮ ಓಣ್ಯಾಗ ಅವರ ಬಾಯಿ ಮುಚ್ಚಸೋದ ಕಷ್ಟ ಐತಿ."

"ಮಳಿ, ಇಲೆಕ್ಷನ್, ಕ್ರಿಕೆಟ್ ಎಲ್ಲಾ ಮಾತಾಡ್ತಾರ. ತಮ್ಮ ಬಗ್ಗೆ ಒಂದಕ್ಷರ ಹೊರಗ ಬಿಡಂಗಿಲ್ಲ. ಈಗ ನೋಡು, ಹುಡುಗ ಬಿದ್ದು ಮೊಣಕಾಲ ಕೆತ್ತಿಕೊಂಡ್ರ 'ಅಳಬ್ಯಾಡ, ನೀ ಗಂಡಸ' ಅಂತೀವಿ. ಹುಡುಗಿ ಬಿದ್ರ ಎತ್ತಿಕೊಂತೀವಿ. ಹಂಗ ನುಂಗಿದ ಅಳು ಮುಂದ ಅವನ ಹೊಟ್ಟ್ಯಾಗ ಏನ ಆಗತೈತಿ ಅನ್ನೋದ ನನ್ನ ಅಧ್ಯಯನ."

ಪಾಪ, ಹುಡುಗಿ ರೋಣದ ಚಹಾದಂಗಡಿಯಲ್ಲಿ ಗಂಡಸರನ್ನು ಕೂರಿಸಿಕೊಂಡು ಕೇಳಿದ್ದಳಂತೆ. ಯಾವ ಪ್ರಶ್ನೆಗೂ ಒಂದೇ ಉತ್ತರ: "ಎಲ್ಲಾ ಆರಾಮ ಐತ್ರಿ." ನರಗುಂದದಲ್ಲಿ ಅವಳನ್ನು ಸರಕಾರದ ಕಡೆಯವಳೆಂದು ತಿಳಿದು, ಗಟಾರ ಯಾವಾಗ ರಿಪೇರಿ ಮಾಡಿಸುತ್ತೀರಿ ಎಂದು ಗಂಟುಬಿದ್ದರಂತೆ. ಈಗ ಅವಳ ಗೈಡ್ ಮೇಡಂ ಖಡಾಖಂಡಿತ ಹೇಳಿಬಿಟ್ಟಿದ್ದಾರೆ: ಈ ಸಲವೂ ಗಂಡಸರ ಮಾತು ರೆಕಾರ್ಡ್ ಮಾಡಿಕೊಂಡು ಬರದಿದ್ದರೆ ವಿಷಯವನ್ನೇ ಬದಲಾಯಿಸು. ಹಾಗಾದರೆ ಎರಡು ವರ್ಷದ ಓದು ನೀರಿಗೆ ಹಾಕಿದಂತೆ.

ಅವಳ ಕಣ್ಣಲ್ಲಿ ನೀರು ಕಂಡದ್ದೇ ತಡ, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

"ರವಿವಾರ ಮುಂಜಾನೆ ಗಂಡಸ್ರನ್ನ ಕೂಡಸೋದು ನನ್ನ ಜವಾಬ್ದಾರಿ. ಮಾತಾಡಸೋದೂ ನನ್ನ ಜವಾಬ್ದಾರಿ!"

ಎರಡನೆಯದು ನಾನು ಹೇಳಬಾರದಿತ್ತು.

ಶನಿವಾರ ಗುಡಿಗೆ ಹೋಗಿ ಬರುವಾಗ ಆಮಂತ್ರಣದ ಕೆಲಸ ಮುಗಿಸಿದೆ. ಆದರೆ ನಡುಬೀದಿಯಲ್ಲಿ ನಿಂತು "ನಿಮ್ಮ ಗಂಡಸುತನದ ಅಧ್ಯಯನ ಐತಿ ಬರ್ರಿ" ಎಂದು ಗರತಿ ಹೆಂಗಸು ಹೇಳುವುದು ಹೇಗೆ? ಎದುರುಮನೆಯ ಈರಣ್ಣ ಮಾಸ್ತರರಿಗೂ, ಗಾದಿ ಅಂಗಡಿಯ ರಾಜೇಸಾಬರಿಗೂ ಇಷ್ಟೇ ಹೇಳಿದೆ: "ನಮ್ಮ ತಂಗಿ ಮಗಳು ಬಂದಾಳ್ರಿ. ಹಿರೇರು ನಾಕ ಮಂದಿ ಕುಂತು ಮಾತಾಡೋದೈತಿ. ನಾಳೆ ಮುಂಜಾನೆ ಬರ್ರಿ." ಸೂಡಿಯಲ್ಲಿರುವ ನಮ್ಮ ಮನೆಯವರ ದೂರದ ನೆಂಟ ಬಸಣ್ಣನಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಎಲ್ಲರೂ ಬಹಳ ಗಂಭೀರವಾಗಿ "ಆತವಾ, ಬರ್ತೀವಿ" ಎಂದರು. ಗಂಡಸರು ಇಷ್ಟು ಸುಲಭಕ್ಕೆ ಒಪ್ಪಿದಾಗಲೇ ನನಗೆ ಸಂಶಯ ಬರಬೇಕಿತ್ತು.

ರವಿವಾರ ಬೆಳಿಗ್ಗೆ ಪೂಜೆ ಮುಗಿಸಿ, ಕಾಲಕಾಲೇಶ್ವರನಿಗೆ ಅಡ್ಡಬಿದ್ದು, ಒಲೆ ಹಚ್ಚಿದೆ. ಮನೆಗೆ ಬಂದ ಹಿರಿಯರಿಗೆ ಬರೀ ಪ್ರಶ್ನೆ ಕೊಟ್ಟು ಕಳಿಸಲಾಗುತ್ತದೆಯೇ? ಉಪ್ಪಿಟ್ಟು ಮಾಡಿದೆ. ಉಪ್ಪಿಟ್ಟಿನ ಜೋಡಿಗೆ ತುಪ್ಪ ಸುರಿದು ಕೇಸರಿ ಬಣ್ಣದ ಶಿರಾ ಮಾಡಿದೆ. ನಮ್ಮ ಮನೆಯವರು ಮೂಗು ಅರಳಿಸುತ್ತ ಬಾಗಿಲಿಗೆ ಬಂದರು. ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು. ಊರೂರು ಕೂಗಿ ಕೂಗಿ ಮಾತೆಲ್ಲ ಬಸ್ಸಿನಲ್ಲೇ ಖರ್ಚಾಗಿ, ಮನೆಗೆ ಉಳಿದದ್ದು ಬಹಳ ಕಡಿಮೆ.

"ಶಿರಾ ಯಾಕ?" ಎಂದರು.

"ನೀವು ಸುಮ್ನ ಜಮಖಾನಿ ಹಾಸ್ರಿ!"

ಸುಮ್ಮನೆ ಜಮಖಾನೆ ಹಾಸಿದರು.

ಸವಿತಾ ಮಾಸಿದ ಪ್ಯಾಂಟು, ಮೊಣಕಾಲುದ್ದದ ಅಂಗಿ ಹಾಕಿಕೊಂಡು ಬಂದು ನಿಂತಳು. ಹಿರಿಯರ ಮುಂದೆ ಇದು ಶೋಭೆಯೆ? ನನ್ನ ಇಳಕಲ್ ಸೀರೆ ಉಡಿಸಿದೆ. ತಲೆಗೆ ಮಲ್ಲಿಗೆ ದಂಡೆ ಮುಡಿಸಿದೆ.

"ದೊಡ್ಡವ್ವ, ಅಧ್ಯಯನಕ್ಕ ಇದೆಲ್ಲಾ ಯಾಕ?"

"ಚಂದ ಕಂಡ್ರ ಚಂದ ಮಾತಾಡ್ತಾರ. ನಿನಗ ತಿಳಿಯಂಗಿಲ್ಲ."

ಮಾಸ್ತರರು ಇಸ್ತ್ರಿ ಹಾಕಿದ ಧೋತರದಲ್ಲಿ ಬಂದರು. ರಾಜೇಸಾಬರು ಅತ್ತರು ಪೂಸಿಕೊಂಡು, ಬಾಳೆಹಣ್ಣಿನ ಗೊನೆ ಹಿಡಿದು ಬಂದರು. ಬಸಣ್ಣ ಹೊಸ ಪಟಗ ಸುತ್ತಿಕೊಂಡು ಬಂದ. ಜೊತೆಗೆ ಪುರ್ತಗೇರಿಯ ತನ್ನ ಅಕ್ಕನ ಮಗ ಮಂಜುನಾಥನನ್ನೂ ಕರೆತಂದಿದ್ದ. ಮೂವತ್ತು ದಾಟಿದ ಗಂಡು, ಒಕ್ಕಲುತನ ಮಾಡುವವನು. ಅಂಗಿ ಎಷ್ಟು ಹೊಸದೆಂದರೆ ಕಾಲರಿನಲ್ಲಿ ಅಂಗಡಿಯ ಗುಂಡುಸೂಜಿ ಇನ್ನೂ ಮಿಂಚುತ್ತಿತ್ತು. ಒಬ್ಬ ಗಂಡಸು ಹೆಚ್ಚಿಗೆ ಸಿಕ್ಕನಲ್ಲ, ದೇವರು ದೊಡ್ಡವನು ಎಂದುಕೊಂಡೆ!

ಸವಿತಾ ಫೋನಿನಲ್ಲಿ ರೆಕಾರ್ಡಿಂಗ್ ಶುರು ಮಾಡಿ ಸ್ಟೂಲಿನ ಮೇಲಿಟ್ಟಳು. ನಾನು ಶಿರಾ ತಾಟು ತಂದೆ. ಇಡಲು ಜಾಗವಿರಲಿಲ್ಲ. ತುಪ್ಪ ಬಿದ್ದು ಫೋನು ಹಾಳಾದೀತೆಂದು ಅದನ್ನೆತ್ತಿ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮುಂದೆ ಅದನ್ನು ಮರೆತೂ ಬಿಟ್ಟೆ.

ಸವಿತಾ ಗಂಟಲು ಸರಿಪಡಿಸಿಕೊಂಡಳು. ಅಷ್ಟರಲ್ಲಿ ಮಾಸ್ತರರೇ ಶುರು ಮಾಡಿದರು.

"ಎಷ್ಟನೇತ್ತದ ಮಟಾ ಓದೀವಾ?"

"ಎಂ.ಎ. ಮುಗದೈತ್ರಿ. ಈಗ ಪಿಎಚ್.ಡಿ."

"ರೊಟ್ಟಿ ಬಡಿಯಾಕ ಬರತಾವ?" ಎಂದ ಬಸಣ್ಣ.

ಹುಡುಗಿ ಪಾಪ, ಮಂದಿ ಸಲುಗೆಗೆ ಬರುತ್ತಿದ್ದಾರೆಂದು ತಿಳಿದು ಎಲ್ಲಕ್ಕೂ ನಗುತ್ತ ಉತ್ತರ ಕೊಟ್ಟಳು. ಮಂಜುನಾಥ ಮಾತ್ರ ಶಿರಾ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಸವಿತಾ ಅವನ ಕಡೆಗೇ ತಿರುಗಿದಳು.

"ನೀವು ಕಡೀಕ ಅತ್ತದ್ದು ಯಾವಾಗ್ರಿ?"

ಅವನ ಚಮಚ ತಾಟಿನಲ್ಲಿ ಬಿತ್ತು. "ಮಾವಾ, ಇದನ್ನೂ ಹೇಳಬೇಕೇನು?"

ಬಸಣ್ಣ ಎದೆ ಉಬ್ಬಿಸಿದ. "ನಮ್ಮ ಮನೆತನದಾಗ ಗಂಡಸ್ರು ಅಳಂಗಿಲ್ಲವಾ. ಬೇಕಾದ್ರ ಊರಾಗ ಕೇಳು."

"ಅಡಿಗಿ ಮಾಡಾಕ ಬರತೈತೇನ್ರಿ? ಅಂಜಿಕಿ ಆದ್ರ ಯಾರ ಮುಂದ ಹೇಳ್ತೀರಿ?"

ಮಂಜುನಾಥನ ಹಣೆಯಲ್ಲಿ ಬೆವರು. ಮಾಸ್ತರರು ರಾಜೇಸಾಬರ ಮುಖ ನೋಡಿದರು. ಬಸಣ್ಣ ಸ್ವಲ್ಪ ಹೊತ್ತು ಮೀಸೆ ತಿರುವಿ, ಕಡೆಗೆ ನನ್ನ ಕಡೆ ತಿರುಗಿ ತೀರ್ಪು ಕೊಟ್ಟ:

"ಗಿರಿಜಾ, ಹುಡುಗಿ ಸ್ವಲ್ಪ ಜೋರ ಅದಾಳ. ಇರಲಿ, ನಮ್ಮ ಹುಡುಗ ಭಾಳ ಸಮಾಧಾನಿ. ನಮಗ ಪಸಂದ. ಶ್ರಾವಣದಾಗ ಅಕ್ಕಿಕಾಳ ಹಾಕೂಣು!"

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ರವಿವಾರ ಬೆಳಿಗ್ಗೆ. ಲಗ್ನವಾಗದ ಹುಡುಗಿ. ಇಳಕಲ್ ಸೀರೆ, ಮಲ್ಲಿಗೆ, ಹಾಸಿದ ಜಮಖಾನೆ, ನಾಲ್ಕು ಮಂದಿ ಹಿರಿಯರು, ಮೇಲೆ ಶಿರಾ-ಉಪ್ಪಿಟ್ಟು! ನಮ್ಮ ಕಡೆ ಇದನ್ನು ಕನ್ಯಾ ನೋಡುವುದಲ್ಲದೆ ಬೇರೇನೆಂದು ತಿಳಿಯಲು ಸಾಧ್ಯ? ನಾನೇ ನೆಂಟರ ಮನೆಯಲ್ಲಿ ಇಷ್ಟನ್ನು ಕಂಡಿದ್ದರೆ ಹುಡುಗನ ಜಾತಕ ಕೇಳಿಬಿಡುತ್ತಿದ್ದೆ.

ಸವಿತಾ ಎದ್ದು ನಿಂತಳು. ಮಲ್ಲಿಗೆ ದಂಡೆ ಜಾರಿ ಭುಜಕ್ಕೆ ಬಂದಿತ್ತು. "ದೊಡ್ಡವ್ವ! ಏನ ಹೇಳಿ ಕರದಿ ಇವರನ್ನ? ಮುಗೀತ ನನ್ನ ಪಿಎಚ್.ಡಿ.!"

ನಾನು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒದರಿದೆ. ಅಧ್ಯಯನ, ಗೈಡ್ ಮೇಡಂ, ರೋಣ, ನರಗುಂದದ ಗಟಾರ, ನನ್ನ ನಾಚಿಕೆ. ಮುಗಿಸಿದಾಗ ಬಸಣ್ಣನ ಮೀಸೆ ಕೆಳಗಿಳಿದಿತ್ತು. ಇನ್ನು ಎದ್ದು ಹೋಗುತ್ತಾರೆ, ಹುಡುಗಿಯ ಎರಡು ವರ್ಷ ನನ್ನ ಶಿರಾದಲ್ಲಿ ಮುಳುಗಿತು ಎಂದು ನಾನು ದೇವರ ಕೋಣೆಯ ಕಡೆ ನೋಡಿದೆ.

ಮೊದಲು ನಕ್ಕವರು ರಾಜೇಸಾಬರು. ಅತ್ತರಿನ ವಾಸನೆಯೆಲ್ಲ ಅಲುಗಾಡುವಂತೆ ನಕ್ಕರು.

"ಏ ಬಸಣ್ಣ, ಸಿಟ್ಟಾಗಬ್ಯಾಡೋ ಮಾರಾಯ. ಆ ಹುಡುಗನ ಕೈ ನೋಡು, ಇನ್ನೂ ನಡಗಾಕತ್ತಾವ. ನಾ ಹೆಣ್ಣ ನೋಡಾಕ ಹೋದಾಗ ಚಹಾದ ಬಸಿ ಹಿಂಗ ನಡಗಿ ಮಾವನ ತೊಡಿ ಮ್ಯಾಲೆ ಚಹಾ ಚೆಲ್ಲಿತ್ತು. ಇವತ್ತಿಗೂ ಯಾರ ಮುಂದೂ ಹೇಳಿಲ್ಲ!"

"ನನಗ ಧ್ವನೀನ ಹೊರಡಲಿಲ್ರಿ," ಎಂದರು ಮಾಸ್ತರರು. "ಸಾಲ್ಯಾಗ ನೂರ ಹುಡುಗ್ರನ್ನ ಅಂಜಸಾಂವ, ಆಕಿ ಹೆಸರ ಕೇಳಾಕ ಅಂಜಿದ್ದೆ."

ನಾನು ನಡುವೆ ಹೋಗಿ "ಶಿರಾ ಹಾಕಿಸ್ಕೋರಿ, ಆರತೈತಿ" ಎಂದೆ. ಯಾರೂ ಕಿವಿಗೊಡಲಿಲ್ಲ.

ಆಮೇಲೆ ಮಂಜುನಾಥ ಬಾಯಿ ಬಿಟ್ಟ. ತಾಟು ನೋಡುತ್ತಲೇ ಮಾತಾಡಿದ.

"ಭಾಳ ಕಡೆ ಕನ್ಯಾ ನೋಡಾಕ ಹೋಗೇನ್ರಿ. ಎಲ್ಲಾರೂ ಹೊಲ ಎಷ್ಟೈತಿ, ನೌಕರಿ ಯಾಕಿಲ್ಲ ಅಂತ ಕೇಳ್ತಾರ. ಅತ್ತದ್ದು ಯಾವಾಗ ಅಂತ ಯಾರೂ ಕೇಳಿದ್ದಿಲ್ಲ. ಹೋದ ತಿಂಗಳ ಯಾವಗಲ್ ಊರಾಗ ಒಲ್ಲೆ ಅಂದ್ರು. ಬರಬೇಕಾರ ಹಾದ್ಯಾಗ ಟ್ರ್ಯಾಕ್ಟರ್ ನಿಂದರಿಸಿ ಅತ್ನಿ. ಯಾರಿಗೂ ಕೇಳಬಾರ್ದಂತ ಇಂಜಿನ್ ಬಂದ್ ಮಾಡಲಿಲ್ಲ."

"ಅಡಿಗಿ?" ಎಂದಳು ಸವಿತಾ ಮೆಲ್ಲಗೆ.

"ಅವ್ವಗ ಆರಾಮಿಲ್ಲದಾಗಿಂದ ರೊಟ್ಟಿ ನಾನ ಬಡಿತೇನ್ರಿ. ಬಾಗಲಾ ಹಾಕ್ಕೊಂಡು."

ಬಸಣ್ಣ ಬೆಚ್ಚಿ ಅವನನ್ನು ನೋಡಿದ. "ಅವನೌನ! ಆ ರೊಟ್ಟಿ ನಿಂದೇನು? ಭಾಳ ತೆಳ್ಳಗಿರತಾವಲ್ಲೋ!"

ನಗು ಮುಗಿಯುವ ಹೊತ್ತಿಗೆ, ಯಾರೂ ಕೇಳದೆಯೇ, ಬಾಗಿಲ ಬಳಿ ಕೂತ ನಮ್ಮ ಮನೆಯವರು ಮಾತಾಡಿದರು. ನಾನು ಕೈಯಲ್ಲಿ ಚಮಚ ಹಿಡಿದು ನಿಂತಲ್ಲೇ ನಿಂತೆ.

"ಮಗಳ ಮದುವಿ ಮಾಡಿ ಕಳಿಸಿದ ಮರುದಿನ ಡ್ಯೂಟಿಗೆ ಹೋಗಿದ್ದೆ. ರೋಣದ ಬಸ್. ಮಂದಿ ಹತ್ತಿತು. ಸೀಟಿ ಬಾಯಿಗಿಟ್ಟೆ. ಊದಾಕ ಉಸರ ಬರಲಿಲ್ಲ. ಡ್ರೈವರ್ ಕನ್ನಡ್ಯಾಗ ನೋಡಿದ, ಏನೂ ಕೇಳಲಿಲ್ಲ. ಅವತ್ತ ರೋಣದ ಮಟಾ ಬಾಗಲಾ ಬಡದ ಬಸ್ ಬಿಡಸಿದೆ."

ಅವರ ಕಣ್ಣು ತುಂಬಿತ್ತು. ಮಗಳ ಮದುವೆಯಲ್ಲಿ ಹನಿ ಕಣ್ಣೀರು ಹಾಕದ ಕಲ್ಲು ಎಂದು ನಾನು ಇಡೀ ಬಳಗಕ್ಕೆ ಸಾರಿಕೊಂಡು ಬಂದಿದ್ದ ಮನುಷ್ಯ! ನನ್ನ ಎದೆ ಝಲ್ಲೆಂದಿತು. ಆದರೆ ಬಾಯಿಗೆ ಅದು ತಲುಪಬೇಕಲ್ಲ?

"ಗಂಡಸಾಗಿ ಹಿಂಗ ಮಂದಿ ಮುಂದ ಅಳತಾರೇನ್ರಿ? ಕಣ್ಣ ಒರಸ್ಕೋರಿ!" ಎಂದೆ. ಅವರು ಒರೆಸಿಕೊಂಡರು.

ಗಂಡಸರು ಊಟದ ಹೊತ್ತಿನವರೆಗೂ ಎದ್ದೇಳಲಿಲ್ಲ. ಹೋಗುವಾಗ ಮಂಜುನಾಥ ಸವಿತಾಗೆ ಕೈಮುಗಿದು, "ನಿಮ್ಮ ಪರೀಕ್ಷಾ ಚಲೋ ಆಗಲಿ ಅಕ್ಕಾರ" ಎಂದ. ಆ "ಅಕ್ಕಾರ" ಕೇಳಿ ಇಬ್ಬರಿಗೂ ಹಗುರವಾಯಿತು.

ಎಲ್ಲರೂ ಹೋದ ಮೇಲೆ ಸವಿತಾ ಸ್ಟೂಲು ನೋಡಿದಳು. ಜಮಖಾನೆ ಕೊಡವಿದಳು. "ದೊಡ್ಡವ್ವ, ಫೋನ್ ಎಲ್ಲಿ?"

ನನ್ನ ಜೀವ ಬಾಯಿಗೆ ಬಂತು. ಸೊಂಟ ಮುಟ್ಟಿಕೊಂಡೆ. ಅಲ್ಲೇ ಇತ್ತು! ಬಿಸಿಯಾಗಿ, ಬೆವರಾಗಿ, ಕೆಂಪು ಚುಕ್ಕೆ ಮಿಣುಕಿಸುತ್ತ, ಇನ್ನೂ ರೆಕಾರ್ಡ್ ಆಗುತ್ತಲೇ ಇತ್ತು. ಸವಿತಾ ಕಿವಿಗಿಟ್ಟುಕೊಂಡು ಕೇಳಿದಳು. ರಾಜೇಸಾಬರು, ಮಾಸ್ತರರು, ಮಂಜುನಾಥ, ನಮ್ಮ ಮನೆಯವರು, ಎಲ್ಲರ ಮಾತೂ ಬಂದಿತ್ತು. ಅವಳು ನನ್ನನ್ನು ಅಪ್ಪಿಕೊಂಡಳು. ನಾನು ದೇವರಿಗೆ ಎರಡನೆಯ ಸಲ ದೀಪ ಹಚ್ಚಿದೆ.

ಕೆಲವು ವಾರಗಳ ಮೇಲೆ ಅವಳ ಫೋನು ಬಂತು. ನಾನು ಸ್ಪೀಕರ್ ಹಾಕಿ, ನಮ್ಮ ಮನೆಯವರನ್ನೂ ಕೂಗಿದೆ. ನನ್ನ ಸಾಧನೆ ಅವರೂ ಕೇಳಲಿ!

"ದೊಡ್ಡವ್ವ, ಮೇಡಂ ಭಾಳ ಖುಷಿ ಆಗ್ಯಾರ. ವಿಷಯ ಬದಲಿ ಮಾಡೋದು ಬ್ಯಾಡಂತ!"

"ಎಲ್ಲಾ ಆ ಶಿವನ ದಯಾ," ಎಂದೆ ವಿನಯದಿಂದ.

"ಇನ್ನೊಂದು ಐತಿ..." ಹುಡುಗಿ ನಗು ತಡೆಯುತ್ತಿದ್ದಳು. "ಆ ರೆಕಾರ್ಡಿಂಗಿನಾಗ ಒಬ್ರು ಎಲ್ಲಾರಿಗೂ ಹುಕುಂ ಮಾಡ್ತಾರಂತ. ಯಾರ ಮಾತೂ ಪೂರಾ ಆಗಾಕ ಬಿಡಂಗಿಲ್ಲಂತ. ಅಳೋರಿಗೆ 'ಗಂಡಸಾಗಿ ಅಳತಾರೇನ್ರಿ' ಅಂತ ಗದರಸ್ತಾರಂತ. ನಾ ಹುಡುಕಾಕತ್ತಿದ್ದ ಗಂಡಸುತನ ಅಗದೀ ಸ್ವಚ್ಛ ಸಿಕ್ಕದ್ದು ಆ ಒಬ್ರ ಹತ್ರ. ಅವರ ಮ್ಯಾಲೇ ಒಂದ ಅಧ್ಯಾಯ ಬರಿ ಅಂದಾರ."

"ಯಾರವಾ, ಆ ಬಸಣ್ಣ ಏನು?" ಎಂದೆ.

ಆ ಕಡೆ ಹುಡುಗಿ ಕಿಸಕ್ಕನೆ ನಕ್ಕಳು. ಈ ಕಡೆ ನಮ್ಮ ಮನೆಯವರು ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಅಳುತ್ತಿರಬಹುದೆಂದು ನೋಡಿದರೆ, ನಗುತ್ತಿದ್ದರು! ಮಾತೇ ಖರ್ಚಾಗಿ ಹೋದ ಮನುಷ್ಯ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಓಣಿಗೆಲ್ಲ ಕೇಳಿಸಿತು.

ಊರೆಲ್ಲ ತಿರುಗಿ, ತುಪ್ಪ ಖರ್ಚು ಮಾಡಿ, ಶಿರಾ ಮಾಡಿ ಕೂಡಿಸಿದ ಅಧ್ಯಯನದಲ್ಲಿ ಕೊನೆಗೆ ಸಿಕ್ಕಿಬಿದ್ದ ಅಸಲಿ ಗಂಡಸು ನಾನೇ!

ಇಂಥ ಅಧ್ಯಯನಗಳಲ್ಲಿ ಯಾರ ಹೆಸರನ್ನೂ ಹಾಕುವುದಿಲ್ಲವಂತೆ. ಕಾಲಕಾಲೇಶ್ವರ ದೊಡ್ಡವನು.