ಎಲ್ಲರೂ ಒಂದನೆಯವರಾದ ಪಟ್ಟಿ

ಚರ್ಚಾಸ್ಪರ್ಧೆಯ ಭಾಷಣಕಾರರ ಪಟ್ಟಿಯನ್ನು ಕಾಲೇಜಿನ ವಿಕಿ ಪುಟಕ್ಕೆ ಏರಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. ಸೇವೆಗಲ್ಲ, ಸ್ವಾರ್ಥಕ್ಕೆ! ಕೊನೆಗೆ ಮಾತಾಡುವವನಿಗೆ ಉಳಿದವರ ವಾದವನ್ನೆಲ್ಲ ಕೆಡವುವ ಭಾಗ್ಯ. ಹಾಗಾಗಿ ನನ್ನ ಹೆಸರು ಕೊನೆಗೆ. ವಿಷಯ: ‘ಕಂಪ್ಯೂಟರ್ ಮನುಷ್ಯನ ಮಿತ್ರ’. ನಾನು ಪರ. ಗೆದ್ದವರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ.

ಸೇಡಂನ ಸೈಬರ್ ಕೆಫೆಯಲ್ಲಿ ಕೂತೆ. ಸಾಲಿನ ಮೊದಲಿಗೆ # ಹಾಕಿದರೆ ಯಂತ್ರವೇ ಒಂದು, ಎರಡು ಎಂದು ಎಣಿಸಿಕೊಳ್ಳುತ್ತದೆ. ಎಂಥ ತರ್ಕಬದ್ಧ ಜೀವಿ!

ಪಕ್ಕದಲ್ಲಿದ್ದ ನಮ್ಮ ಅಧ್ಯಾಪಕ ಕುಲಕರ್ಣಿ ಸರ್ ಮುಖ ಹುಳಿ ಮಾಡಿದರು. “ಏ ತಮ್ಮಾ, ಒಬ್ಬರ ತಲಿ ಮ್ಯಾಲೆ ಇನ್ನೊಬ್ಬರನ್ನ ಕುಂದ್ರಸ್ತೀಯೇನು? ಆಮಂತ್ರಣ ಪತ್ರಿಕಾದಾಗ ಹಿಂಗ ಇರ್ತದೇನು? ನಡುವ ಒಂದೊಂದು ಸಾಲು ಬಿಡು. ಮಂದಿಗಿ ಮರ್ಯಾದಿ ಬ್ಯಾಡೇನು?”

ಬಿಟ್ಟೆ. ಉಳಿಸಿದೆ. ನೋಡಿದೆ.

1. 1. 1. 1!

ಖಾಲಿ ಸಾಲು ಬಂದಲ್ಲೆಲ್ಲ ಈ ಯಂತ್ರ ಹಿಂದಿನದನ್ನು ಮರೆತು ಮತ್ತೆ ಒಂದರಿಂದ ಶುರು ಮಾಡುತ್ತದೆಂದು ತಿಳಿದದ್ದು ಎಷ್ಟೋ ದಿನದ ಮೇಲೆ.

“ಸರ್, ಇದಕ್ಕ ಎಣಸ್ಲಿಕ್ಕೇ ಬರಂಗಿಲ್ರಿ!”

“ಅದಕ್ಯಾಕ ಬೈತಿ? ಪಾಪ, ನಿನ್ನ ಕೈಯಾಗ ಸಿಕ್ಕಾದ.”

ರಕ್ತ ಕುದಿಯಿತು. # ಪಕ್ಕದಲ್ಲಿ ಅಂಕಿಗಳನ್ನು ನಾನೇ ಬರೆದೆ. ಉಳಿಸುವ ಮೊದಲು ಮುನ್ನೋಟ ನೋಡಿದರೆ “1. 1”, “1. 2”, “1. 3” ಎಂದು ತೋರಿಸಿತು ದ್ರೋಹಿ! # ಕಿತ್ತೆ, ಖಾಲಿ ಸಾಲನ್ನೂ ಕಿತ್ತೆ. ಎಲ್ಲ ಹೆಸರೂ ಕೂಡಿ ಒಬ್ಬನೇ ಮಹಾಪುರುಷನ ಹೆಸರಾಯಿತು. ಸಾಲುಗಳ ಮುಂದೆ ಚೂರು ಜಾಗ ಬಿಟ್ಟೆ. ಸುತ್ತ ಚುಕ್ಕೆಗೆರೆಯ ಚೌಕಟ್ಟು ಮೂಡಿತು.

“ಇದು ಪೇಪರಿನಾಗಿನ ಶ್ರದ್ಧಾಂಜಲಿ ಹಂಗ ಕಾಣಾಕತ್ತದಲ್ಲೋ!” ಎಂದರು ಸರ್.

ಕರೆಂಟ್ ಹೋಯಿತು. ಪುಟದಲ್ಲಿ ಉಳಿದದ್ದು ನಾನು ಮೊದಲು ಉಳಿಸಿದ್ದೇ. ಸ್ಪರ್ಧೆ ನಡೆಸುತ್ತಿದ್ದ ಚಿತ್ತಾಪುರದ ಸಂಘಟಕರು ಅದನ್ನೇ ಶಿರಸಾವಹಿಸಿ ಮುದ್ರಿಸಿಕೊಂಡರು.

ಸ್ಪರ್ಧೆಯ ದಿನ ತೀರ್ಪುಗಾರ್ತಿ ಶರಣಮ್ಮ ಮೇಡಂ ಕನ್ನಡಕ ಏರಿಸಿ ಕರೆದರು: “ಒಂದನೇದವರು ಬರ್ರಿ.”

ಎಲ್ಲರೂ ಎದ್ದರು. ನಾನು ಬೆಂಚಿಗೆ ಅಂಟಿಕೊಂಡೆ.

ವಿರೋಧ ಪಕ್ಷದ ಗೌತಮಿ, ಸನ್ನತಿಯ ಹುಡುಗಿ, ಮೆಲ್ಲಗೆ ಹೇಳಿದಳು: “ಮೇಡಂ, ಪಟ್ಟಿ ಮಾಡಿದ ಅಣ್ಣಾರೇ ಮೊದಲ ಹೋಗಲಿ.”

ಚಪ್ಪಾಳೆ! ವಿವರಣೆ ಕೊಟ್ಟು ಇಳಿಯೋಣವೆಂದು ಮೈಕ್ ಹಿಡಿದೆ.

“ಒಂದಾದ ಮ್ಯಾಲೆ ಎರಡು ಬರ್ತದಂತ ಅಂಗನವಾಡಿ ಕೂಸಿಗೂ ಗೊತ್ತದ! ಈ ಡಬ್ಬಿಗಿ ಗೊತ್ತಿಲ್ಲ! ಇದು ಮಿತ್ರ ಏನ್ರಿ? ಇದನ್ನ ನಂಬಿದವ ಉದ್ಧಾರ ಆಗ್ತಾನೇನ್ರಿ?”

ಸಿಳ್ಳೆ ಬಿತ್ತು. ನನಗೆ ಆವೇಶ ಬಂತು. ಮೇಜು ಗುದ್ದಿದೆ. ಸಮಯ ಮುಗಿದ ಗಂಟೆ ಬಡಿಯಿತು.

“ಮೇಡಂ, ನಾ ಇನ್ನಾ ಶುರೂನೇ ಮಾಡಿಲ್ರಿ!”

“ಭಾಳ ಛಲೋ ಮುಗಿಸೀರಿ. ಕುಂದ್ರಿ.”

ಕೊನೆಗೆ ಮಾತಾಡಿದ್ದು ಗೌತಮಿ. ಬಹುಮಾನವೂ ಅವಳಿಗೆ, ತಂಡದ ಜಾಗವೂ ಅವಳಿಗೆ.

ಬಾಗಿಲಲ್ಲಿ ಅಡ್ಡಗಟ್ಟಿ ಕೇಳಿದೆ: “ಅಂಥಾದ್ದೇನ್ ಹೇಳಿದ್ಯವ್ವಾ ನೀ?”

“ನೀ ಹೇಳಿದ್ದೇ ಅಣ್ಣಾ. ಮೇಜು ಒಂದು ಗುದ್ದಲಿಲ್ಲ, ನೋಡು.”

ನನ್ನ ವಾದವನ್ನು ಮುರಿಯಬಲ್ಲವರು ಸೇಡಂನಿಂದ ಚಿತ್ತಾಪುರದವರೆಗೆ ಒಬ್ಬರೂ ಇಲ್ಲವೆಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಆ ಕೆಲಸಕ್ಕೂ ನಾನೇ ಬೇಕಾಯಿತು!