ನಾಲ್ಕನೇ ಸಲ ಕರೆದ ತಪ್ಪಿಗೆ

"ಈ ಸಲ ರೈಲಿನಲ್ಲಿ ನಾವಿಬ್ಬರೇ! ಮೂರನೆಯವರ ನೆರಳು ಕೂಡ ನಮ್ಮ ಮೇಲೆ ಬೀಳದ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ!" ಎಂದು ಫರಾಮರ್ಜ್ ಬೆಳಗಿನ ಚಹಾದ ಮುಂದೆ ಎದೆ ತಟ್ಟಿಕೊಂಡು ಘೋಷಿಸಿದರು. ಹಿಂದಿನ ಕಾಲದ ಷಹಾಗಳು ಯುದ್ಧ ಸಾರುವಾಗಲೂ ಅಷ್ಟು ಗಟ್ಟಿಯಾಗಿ ಕೂಗಿರಲಾರರು.

ಹೆಂಡತಿ ಸೀಮೀನ್ ರೊಟ್ಟಿಗೆ ಪನೀರು ಸವರುತ್ತಿದ್ದರು. ತಲೆ ಎತ್ತಲಿಲ್ಲ.

"ಮದುವೆಯಾಗಿ ಮೂವತ್ತನಾಲ್ಕು ವರ್ಷ. ಹನಿಮೂನಿಗೆ ನಿಮ್ಮಮ್ಮ ಬಂದಿದ್ರು. ಸಮುದ್ರ ನೋಡೋಕೆ ಹೋದಾಗ ನಿಮ್ಮ ಮೂರು ಜನ ಅಕ್ಕಂದಿರು. ಮಶ್ಹದ್‌ಗೆ ಹೋದಾಗ ನಿಮ್ಮ ಅರ್ಧ ಆಫೀಸು. ಈ ಸಲ ಮೂರನೇ ತಲೆ ಕಂಡ್ರೆ ನಾನು ರೈಲು ಹತ್ತಲ್ಲ. ತಂಗಿ ಮನೆಗೆ ಹೋಗಿ ಕಾಲು ಚಾಚಿ ಕೂತ್ಕೋತೀನಿ. ನೀವು ನಿಮ್ಮ ಬಳಗದ ಜೊತೆ ಊರೂರು ಸುತ್ತಿ ಬನ್ನಿ."

"ಕಾಣಲ್ಲ ಸೀಮೀನ್ ಜಾನ್! ನಾಲ್ಕು ಜನರ ಕೂಪೆ, ನಾಲ್ಕೂ ಸೀಟು ನಮ್ಮ ಹೆಸರಿಗೇ ಮಾಡಿಸಿದೀನಿ. ಬುಧವಾರ ಬೆಳಗ್ಗೆ ಟೆಹರಾನ್ ಬಿಡೋದು. ಕಾಶಾನ್ ಒಂದು ದಿನ, ಯಜ್ದ್ ಎರಡು ದಿನ, ಕೆರ್ಮಾನ್ ಒಂದು ದಿನ. ಕೂಪೆ ಬಾಗಿಲು ಹಾಕಿದ್ರೆ ನೀನು, ನಾನು, ಕಿಟಕಿ. ಅಷ್ಟೇ!"

ಯೋಜನೆಯಲ್ಲಿ ಒಂದು ಲೋಪವೂ ಇರಲಿಲ್ಲ. ಲೋಪವಿದ್ದದ್ದು ಫರಾಮರ್ಜರ ನಾಲಿಗೆಯಲ್ಲಿ. ಬಾಯುಪಚಾರದಲ್ಲಿ ಅವರನ್ನು ಮೀರಿಸುವವರು ಆ ಬೀದಿಯಲ್ಲಿರಲಿ, ಆ ರಾಜಧಾನಿಯಲ್ಲೇ ಇರಲಿಲ್ಲ. ಕಚೇರಿಯೊಂದರ ದೂರಿನ ಕಿಟಕಿಯಲ್ಲಿ ಮೂವತ್ತು ವರ್ಷ ಕೂತು ಒಬ್ಬರಿಗೂ 'ಇಲ್ಲ' ಎನ್ನದೆ, ಒಬ್ಬರ ಕೆಲಸವನ್ನೂ ಮಾಡಿಕೊಡದೆ, ಎಲ್ಲರಿಂದಲೂ ಹರಸಿಕೊಂಡು ನಿವೃತ್ತರಾದ ಮಹಾನುಭಾವರು! ಒಮ್ಮೆ ಮನೆಗೆ ಕಳ್ಳ ನುಗ್ಗಿದಾಗ "ಚಹಾ ಕುಡಿಯದೆ ಹೋಗಬಾರದು" ಎಂದು ಇವರು ಹಿಡಿದ ಪಟ್ಟಿಗೆ ಆ ಪಾಪದವನು ನಾಚಿ, ಪಕ್ಕದ ಮನೆಯಲ್ಲಿ ಕದ್ದ ಗಡಿಯಾರವನ್ನೂ ಇಲ್ಲೇ ಇಟ್ಟು ಹೋದನಂತೆ.

ಉಪಚಾರಕ್ಕೂ ಒಂದು ಲೆಕ್ಕವಿದೆ. ಕರೆಯುವವರು ಮೂರು ಸಲ ಕರೆಯಬೇಕು, ಕರೆಸಿಕೊಂಡವರು ಮೂರು ಸಲ ಬೇಡ ಎನ್ನಬೇಕು, ಆಮೇಲೆ ಇಬ್ಬರೂ ಸಮಾಧಾನದಿಂದ ತಂತಮ್ಮ ಮನೆಗೆ ಹೋಗಬೇಕು. ಈ ಲೆಕ್ಕದ ಮೇಲೇ ಆ ಊರಿನ ಸಂಸಾರಗಳು ಉಳಿದುಕೊಂಡಿವೆ.

ಶುಕ್ರವಾರ ಬೆಳಗ್ಗೆ ಫರಾಮರ್ಜ್ ಬಿಸಿಬಿಸಿ ಸಂಗಕ್ ರೊಟ್ಟಿಯನ್ನು ತೋಳಿನ ಮೇಲೆ ಹಾಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಾಗ ಎರಡನೇ ಮಹಡಿಯ ಮನೂಚೆಹರ್ ಎದುರಾದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಉಪಚಾರದಲ್ಲಿ ಅವರೂ ಕಡಿಮೆಯಲ್ಲ. ರಾಂಗ್ ನಂಬರ್ ಕರೆ ಬಂದರೂ ಎದುರಿನವರ ಮೊಮ್ಮಕ್ಕಳ ಕ್ಷೇಮ ವಿಚಾರಿಸದೆ ಫೋನ್ ಇಟ್ಟವರಲ್ಲ.

"ಏನು ಫರಾಮರ್ಜ್ ಆಗಾ, ಮುಖದಲ್ಲಿ ವಸಂತ ಬಂದಿದೆ?"

"ಬುಧವಾರ ರೈಲಿಗೆ ಹೊರಟಿದೀವಿ. ಕಾಶಾನ್, ಯಜ್ದ್, ಕೆರ್ಮಾನ್. ನೀವೂ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು!" ಇದು ಮೊದಲನೆಯ ಕರೆ. ಇದರಲ್ಲಿ ತಪ್ಪೇನಿಲ್ಲ.

"ನಿಮ್ಮ ಮನಸ್ಸು ದೊಡ್ಡದು. ನಾವೆಲ್ಲಿ ನಿಮಗೆ ತೊಂದರೆ ಕೊಡೋದು!"

"ತೊಂದರೆ ಎಂಥದು? ನಮ್ಮ ಕಣ್ಣಿನ ಮೇಲೆ ಕಾಲಿಟ್ಟು ಬನ್ನಿ!"

"ನಿಮ್ಮ ಕಣ್ಣು ನೂರು ವರ್ಷ ಬೆಳಗಲಿ. ಆದ್ರೆ ನಮ್ಮ ಮನೆಯವಳು ಅಖ್ತರ್‌ಗೆ ಮಂಡಿ ನೋವು."

"ಅಖ್ತರ್ ಖಾನಂ ಮಂಡಿ ಯಾಕೆ ಬಗ್ಗಿಸಬೇಕು? ರೈಲಿಗೆ ಚಕ್ರ ಇದೆಯಲ್ಲ! ಬನ್ನಿ ಅಂದ್ರೆ ಬನ್ನಿ."

ಮೂರು ಕರೆ ಮುಗಿಯಿತು. ಮನೂಚೆಹರ್ ಮೂರನೆಯ ನಿರಾಕರಣೆಗೆ ಒಂದು ಮೆಟ್ಟಿಲು ಕೆಳಗಿಳಿದು, ಎದೆಯ ಮೇಲೆ ಕೈಯಿಟ್ಟು, ಕಣ್ಣು ಅರ್ಧ ಮುಚ್ಚಿ ಹೇಳಿದರು: "ಫರಾಮರ್ಜ್ ಆಗಾ, ನಿಮ್ಮಂಥ ಹೂವಿನ ಪಕ್ಕ ನಮ್ಮಂಥ ಮುಳ್ಳು ಯಾಕೆ? ನಿಮ್ಮ ರೈಲು ಹೋದ ದಾರಿಯ ಧೂಳು ನಮ್ಮ ಕಣ್ಣಿಗೆ ಕಾಡಿಗೆ. ನಮಗೆ ಅಷ್ಟು ಸಾಕು."

ಆಹಾ, ಎಂಥ ನಿರಾಕರಣೆ! ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು! ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈಮುಗಿದು ಮೇಲೆ ಹೋಗುತ್ತಿದ್ದರು. ಫರಾಮರ್ಜರಿಗೆ ಮಾತ್ರ ಒಳಗೆಲ್ಲೋ ಚುರುಕ್ಕೆಂದಿತು. ತಮ್ಮದೇ ಮೆಟ್ಟಿಲ ಮೇಲೆ ಒಬ್ಬ ಡ್ರಾಯಿಂಗ್ ಮೇಷ್ಟ್ರು ತಮ್ಮನ್ನು ಉಪಚಾರದಲ್ಲಿ ಸೋಲಿಸುವುದೇ? ಮೈಯಲ್ಲಿ ಆವೇಶ ಬಂದಂತಾಗಿ, ರೊಟ್ಟಿಯನ್ನು ಕತ್ತಿಯಂತೆ ಝಳಪಿಸಿ, ಅವರು ನಾಲ್ಕನೇ ಸಲ ಕರೆದೇಬಿಟ್ಟರು.

"ನನ್ನ ಸಾವಿನಾಣೆ! ನೀವಿಬ್ಬರೂ ಬರಲೇಬೇಕು!"

ಕಟ್ಟಡವೇ ಉಸಿರು ಬಿಗಿಹಿಡಿಯಿತು. ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕು ಎದ್ದು ನಿಂತಿತು. ಸಾವಿನಾಣೆ ಹಾಕಿದ ಮೇಲೂ ಬೇಡವೆಂದರೆ 'ನೀನು ಸತ್ತರೆ ನನಗೇನು' ಎಂದ ಹಾಗೆ! ಮನೂಚೆಹರರ ಮುಖ ಸುಣ್ಣ ಬಳಿದ ಗೋಡೆಯಾಯಿತು.

"ಹಾಗಾದ್ರೆ..." ಎಂದರು. "ಬರ್ತೀವಿ."

ಫರಾಮರ್ಜ್ ಮೇಲೆ ಬಂದು ಸೀಮೀನ್‌ಗೆ ರೊಟ್ಟಿ ಕೊಟ್ಟರು, ಸುದ್ದಿ ಕೊಡಲಿಲ್ಲ. ನೆರೆಯವರು ತಾವಾಗಿಯೇ ಹಿಂದೆ ಸರಿಯುವಂತೆ ಮಾಡಿದರೆ ಹೆಂಡತಿಗೆ ಹೇಳುವ ಪ್ರಮೇಯವೇ ಬರುವುದಿಲ್ಲವಲ್ಲ! ಅಂದೇ ಸಂಜೆ ಕೆಳಗಿಳಿದು ಹೆದರಿಸಲು ಶುರುಮಾಡಿದರು.

"ಇನ್ನೂ ಎರಡು ಊರು ಸೇರಿಸಿದೀನಿ ಆಗಾ. ಬಾಮ್, ಜಾಹೆದಾನ್. ಆ ಕಡೆ ಬಿಸಿಲು ಅಂದ್ರೆ ಕೋಳಿಗಳು ಬೆಂದ ಮೊಟ್ಟೆಯನ್ನೇ ಇಡ್ತವೆ!"

"ಒಳ್ಳೇದಾಯ್ತು," ಎಂದರು ಮನೂಚೆಹರ್ ಬಾಡಿದ ದನಿಯಲ್ಲಿ. "ಬೇಯಿಸೋ ಕೆಲಸ ಉಳೀತು."

"ಮೇಲಿನ ಬರ್ತು ನಿಮಗೇ. ಏಣಿ ಮುರಿದಿದೆಯಂತೆ."

"ಆಕಾಶಕ್ಕೆ ಒಂದು ಗೇಣು ಹತ್ತಿರ ಆದ ಹಾಗಾಯ್ತು."

"ನಾನು ಗೊರಕೆ ಹೊಡೀತೀನಿ! ಹೋದ ಸಲ ಹಿಂದಿನಿಂದ ಇನ್ನೊಂದು ರೈಲು ಬರ್ತಿದೆ ಅಂತ ಡ್ರೈವರ್ ಬ್ರೇಕ್ ಹಾಕಿದ್ದ!"

"ನಿಮ್ಮ ಗೊರಕೆ ನಮಗೆ ಬುಲ್‌ಬುಲ್ ಹಕ್ಕಿಯ ಹಾಡು," ಎಂದ ಮನೂಚೆಹರ್, ಇಷ್ಟೆಲ್ಲ ಕೊಟ್ಟವರಿಗೆ ತಾವೂ ಏನಾದರೂ ಕೊಡಬೇಕಲ್ಲ ಎಂದು, "ಬರುವಾಗ ಇಸ್ಫಹಾನ್ ಕೂಡ ಸೇರಿಸೋಣ. ನನ್ನ ತಂಗಿ ಮನೇಲಿ ಮೂರು ದಿನ ಇರೋಣ" ಎಂದುಬಿಟ್ಟರು. ಮೂರು ಊರಿನ ಪ್ರವಾಸ ಒಂದೇ ಸಂಜೆಯಲ್ಲಿ ಆರು ಊರಾಯಿತು! ಇನ್ನೊಂದು ಲೋಟ ಚಹಾ ಕುಡಿದಿದ್ದರೆ ಸಮರ್ಕಂದ ದಾಟಿ ಚೀನಾ ಮುಟ್ಟುತ್ತಿದ್ದರೇನೋ.

ಸೋಮವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಅಖ್ತರ್ ಖಾನಂ! ಕೈಯಲ್ಲಿ ತಟ್ಟೆ, ತಟ್ಟೆಯ ಮೇಲೆ ಗೋಪುರವಾಗಿ ಪೇರಿಸಿದ ಮಾಂಸದ ಕಟ್ಲೆಟ್.

"ಸೀಮೀನ್ ಜಾನ್, ದಾರಿಗೆ ಅಂತ ಮಾಡ್ತಿದೀನಿ. ಉಪ್ಪು ನೋಡಿ ಹೇಳಿ. ನಾಲ್ಕು ಜನಕ್ಕೆ, ಆರು ಊರಿಗೆ ನೂರಿಪ್ಪತ್ತು ಸಾಕಾ?"

ಫರಾಮರ್ಜ್ ಪರದೆಯ ಹಿಂದೆ ಸರಿದು ಪರದೆಯ ಬಣ್ಣಕ್ಕೆ ತಿರುಗಿದರು. ಸೀಮೀನ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನಿಮ್ಮ ಕೈಗೆ ಚಿನ್ನದ ಬಳೆ ಹಾಕಬೇಕು, ಉಪ್ಪು ಸರಿಯಾಗಿದೆ" ಎಂದು ಕೆನ್ನೆಗೆ ಮುತ್ತಿಟ್ಟು ಕಳಿಸಿದರು. ಬಾಗಿಲು ಹಾಕಿದರು. ತಿರುಗಿದರು.

"ಮೂರನೇ ತಲೆ ಬೇಡ ಅಂದಿದ್ದೆ. ನೀವು ಮೂರನೇದು, ನಾಲ್ಕನೇದು ಎರಡನ್ನೂ ತಂದಿದೀರಿ."

"ನಾನು ಕರೆದಿದ್ದು ಬಾಯಿಮಾತಿಗೆ..."

"ನಿಮ್ಮ ಬಾಯಿಮಾತಿಗೆ ನಾನು ಮೂವತ್ತನಾಲ್ಕು ವರ್ಷ ಅಡುಗೆ ಮಾಡಿ ಬಡಿಸಿದೀನಿ. ಬುಧವಾರ ಸ್ಟೇಷನ್ನಿಗಂತೂ ಬರ್ತೀನಿ. ಹತ್ತೋದು, ತಂಗಿ ಮನೆಗೆ ಹೋಗೋದು ಅಲ್ಲಿ ತೀರ್ಮಾನ."

ಮಂಗಳವಾರ ಫರಾಮರ್ಜ್ ನಿಜ ಹೇಳಿಯೇ ತೀರುವೆನೆಂದು ಸಿಂಹದಂತೆ ಮೆಟ್ಟಿಲಿಳಿದರು. ಒಂದು ಗಂಟೆಯ ಮೇಲೆ ಅರ್ಧ ಕಲ್ಲಂಗಡಿ ಉಡುಗೊರೆ ಹಿಡಿದುಕೊಂಡು ಹತ್ತಿ ಬಂದರು. ನಿಜ ಮಾತ್ರ ಹೊಟ್ಟೆಯಲ್ಲೇ ಇತ್ತು. ಸೀಮೀನ್ ಒಂದೇ ಒಂದು ಸಣ್ಣ ಪೆಟ್ಟಿಗೆ ತುಂಬಿಸುತ್ತಿದ್ದರು. ಯಜ್ದ್‌ಗೋ ತಂಗಿಯ ಮನೆಗೋ ಪೆಟ್ಟಿಗೆಯ ಗಾತ್ರ ನೋಡಿ ಹೇಳುವಂತಿರಲಿಲ್ಲ. ಫರಾಮರ್ಜರ ಎದೆ ಆಗಲೇ ರೈಲಿನ ಸದ್ದು ಮಾಡುತ್ತಿತ್ತು.

ಬುಧವಾರ. ಟೆಹರಾನ್ ಸ್ಟೇಷನ್. ಸೀಮೀನ್ ಪೆಟ್ಟಿಗೆ ಹಿಡಿದು ಸೀದಾ ಹತ್ತಿ ಬಾಗಿಲ ಒಳಗೆ ನಿಂತರು. ಹತ್ತಿದರಲ್ಲ ಎಂದು ಫರಾಮರ್ಜರಿಗೆ ಹೋದ ಜೀವ ಅರ್ಧ ಬಂತು. ಇನ್ನರ್ಧ ಬರಲು ಬಿಡದಂತೆ ಪಕ್ಕದಲ್ಲೇ ಮನೂಚೆಹರ್ ನಿಂತಿದ್ದರು. ಅಖ್ತರ್ ಖಾನಂ ಮಂಡಿ ಹಿಡಿದುಕೊಂಡು ಹಿಂದಿನ ಬೆಂಚಿನ ಮೇಲೆ ಕೂತಿದ್ದರು.

"ಹತ್ತಿ ಆಗಾ," ಎಂದರು ಫರಾಮರ್ಜ್, ಅಭ್ಯಾಸಬಲದಿಂದ.

"ಛೆ, ನೀವಿರುವಾಗ ನಾನೆ? ನೀವು ಮೊದಲು."

"ನಿಮಗೆ ಬೆನ್ನು ತೋರಿಸೋ ಪಾಪ ನನಗೆ ಬೇಡ. ನೀವು ಹತ್ತಿ."

"ಹೂವಿಗೆ ಹಿಂದು ಮುಂದು ಇದೆಯೇ ಆಗಾ? ನಿಮ್ಮ ಬೆನ್ನೂ ನಮಗೆ ಮುಖವೇ. ಹತ್ತಿ!"

ಇಬ್ಬರೂ ಬಾಗಿದರು. ಇನ್ನೂ ಬಾಗಿದರು. ತಲೆಗೆ ತಲೆ ಢಿಕ್ಕಿ ಹೊಡೆಯಿತು. ಅವರಿಬ್ಬರ ನಡುವೆ ತೂರಿಕೊಂಡು ಒಂದು ಫುಟ್‌ಬಾಲ್ ತಂಡ, ಅದರ ತರಬೇತುದಾರ, ರತ್ನಗಂಬಳಿ ಹೊತ್ತ ಮೂರು ಜನ, ಒಂದು ಮದುವೆಯ ದಿಬ್ಬಣ ಎಲ್ಲರೂ ಹತ್ತಿಹೋದರು. ಗಾರ್ಡು ಸೀಟಿ ಊದಿ ಊದಿ ಕೆಂಪಾದ.

"ಆಗಾ, ರೈಲಿಗೆ ಉಪಚಾರ ಗೊತ್ತಿಲ್ಲ! ಟೈಮ್ ಮಾತ್ರ ಗೊತ್ತು!"

"ಗಾರ್ಡ್ ಸಾಹೇಬರೇ, ಮೊದಲು ನೀವು ಹತ್ತಿ" ಎಂದರು ಇಬ್ಬರೂ ಒಟ್ಟಿಗೆ.

ರೈಲು ಮಿಸುಕಿತು. ಆಗ ನಡೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಒಳಗಿನಿಂದ ಸೀಮೀನ್‌ರ ಕೈ ಗಿಡುಗದಂತೆ ಎರಗಿ ಫರಾಮರ್ಜರ ಕೊರಳಪಟ್ಟಿ ಹಿಡಿದು ಮೇಲಕ್ಕೆಳೆಯಿತು. ಹೊರಗೆ, ಮಂಡಿ ನೋವಿನ ಅಖ್ತರ್ ಖಾನಂ ಬೆಂಚಿನಿಂದ ಜಿಂಕೆಯಂತೆ ಜಿಗಿದು ಗಂಡನ ಕೋಟಿನ ತುದಿ ಹಿಡಿದು ಹಿಂದಕ್ಕೆಳೆದರು. ಬಾಗಿಲು ಮುಚ್ಚಿತು.

ಕಿಟಕಿಯಲ್ಲಿ ಮನೂಚೆಹರರ ಮುಖ ಕಾಣಿಸಿತು. ಮೊದಲು ಗಾಬರಿ. ಆಮೇಲೆ ಅನುಮಾನ. ಆಮೇಲೆ, ಸೆರೆಮನೆಯ ಬಾಗಿಲು ತಾನಾಗಿಯೇ ತೆರೆದುಕೊಂಡಾಗ ಕೈದಿಯ ಮುಖದಲ್ಲಿ ಅರಳುವಂಥ ಒಂದು ನಗು! ಎರಡೂ ಕೈ ಬೀಸುತ್ತಾ, ಎರಡು ಹೆಜ್ಜೆ ಕುಣಿದೂಬಿಟ್ಟರು.

ಫರಾಮರ್ಜ್ ಸೀಟಿನ ಮೇಲೆ ಕುಸಿದರು. ಎದೆಯ ಮೇಲಿಂದ ಯಾರೋ ಕಬ್ಬಿಣದ ಬೀರು ಇಳಿಸಿಕೊಂಡ ಹಾಗಿತ್ತು. ಅಬ್ಬಾ! ಕೂಪೆಯಲ್ಲಿ ಇಬ್ಬರೇ! ಆದರೂ ಲೋಕಾಚಾರಕ್ಕೆ ಮುಖ ಸಪ್ಪಗೆ ಮಾಡಿಕೊಂಡು, "ಪಾಪ, ನನ್ನನ್ನ ಮೊದಲು ಹತ್ತಿಸೋಕೆ ಹೋಗಿ ಅವರು ಉಳಿದುಬಿಟ್ರು" ಎಂದರು. ಮರುಕ್ಷಣ ನಿಜವಾಗಿಯೇ ಬಿಳಿಚಿಕೊಂಡರು. "ಸೀಮೀನ್! ಸಾವಿನಾಣೆ ಹಾಕಿದ್ನಲ್ಲ! ಅವರು ಬರಲಿಲ್ಲ! ಇನ್ನು ನಾನು..."

"ಏನೂ ಆಗಲ್ಲ. ಮನೆ ಬಿಟ್ಟು ಸ್ಟೇಷನ್ ತನಕ ಬಂದ್ರಲ್ಲ, ಆಣೆ ತೀರ್ತು. ಅದಕ್ಕೇ ಬರೋಕೆ ಹೇಳಿದ್ದು."

"ಯಾರು ಹೇಳಿದ್ದು?"

"ನಾನು. ನಿನ್ನೆ ತಟ್ಟೆ ವಾಪಸ್ ಕೊಡೋಕೆ ಹೋಗಿದ್ದೆ. 'ಅಖ್ತರ್ ಖಾನಂ, ಸ್ಟೇಷನ್ ತನಕ ಬನ್ನಿ, ರೈಲು ಹತ್ತಬೇಡಿ' ಅಂದೆ. 'ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ, ಮೂರು ದಿನದಿಂದ ಇವರಿಗೆ ಊಟ ಸೇರ್ತಿಲ್ಲ' ಅಂದ್ರು."

"ಆಮೇಲೆ?"

"ಆಮೇಲೆ ಏನು? ಮುಗೀತು. ಚಹಾ ಕೂಡ ಕುಡೀಲಿಲ್ಲ."

ಫರಾಮರ್ಜ್ ಬೆರಳು ಮಡಿಸಿ ಲೆಕ್ಕ ಹಾಕಿದರು. ಐದು ದಿನ, ಹದಿನೇಳು ಲೋಟ ಚಹಾ, ಮೂರು ಹೆಚ್ಚುವರಿ ಊರು! ಈ ಹೆಂಗಸರಿಬ್ಬರೂ ಒಂದೊಂದು ವಾಕ್ಯದಲ್ಲಿ ಮುಗಿಸಿದ್ದರು!

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕ್ಷಮೆ ಕೇಳೋಕೆ ಅಂತ ಕೆಳಗೆ ಹೋಗಿ ಇನ್ನೂ ನಾಲ್ಕು ಊರು ಸೇರಿಸಿಕೊಂಡು ಬರ್ತಿದ್ರಿ. ನೀವಿಬ್ಬರು ಗಂಡಸರನ್ನ ಒಂದು ಬಾಗಿಲ ಮುಂದೆ ನಿಲ್ಲಿಸಿದ್ರೆ ಸಾಕು, ಮಿಕ್ಕಿದ್ದು ತಾನಾಗೇ ಆಗುತ್ತೆ ಅಂತ ನಮಗೆ ಗೊತ್ತಿತ್ತು."

ಉಪಚಾರ ಚಕ್ರವರ್ತಿಗಳು ದಾರಿಯುದ್ದಕ್ಕೂ ತುಟಿ ಪಿಟಕ್ಕೆನ್ನದೆ ಮರುಭೂಮಿ ನೋಡಿದರು. ಇಷ್ಟು ಸುಖದ ಪ್ರಯಾಣ ತಾನು ಕಂಡೇ ಇಲ್ಲ ಎಂದರು ಸೀಮೀನ್.

ಕಾಶಾನ್ ಬಂತು. ಬಾಗಿಲ ಬಳಿ ಫರಾಮರ್ಜ್ ಬದಿಗೆ ಸರಿದು, ಎದೆಯ ಮೇಲೆ ಕೈಯಿಟ್ಟು, "ಇಳಿ ಜಾನ್, ನೀನು ಮೊದಲು" ಎಂದರು. ಸೀಮೀನ್ ಒಂದು ಸಲವೂ ಬೇಡವೆನ್ನದೆ ಇಳಿದೇಬಿಟ್ಟರು. ಫರಾಮರ್ಜ್ ಇನ್ನೆರಡು ಸಲಕ್ಕೆ ಮಾತು ಸಿದ್ಧ ಮಾಡಿಕೊಂಡಿದ್ದರು. ಹೇಳಲು ಯಾರೂ ಇಲ್ಲದೆ ಬಾಗಿಲಲ್ಲೇ ಮಿಕಿಮಿಕಿ ನಿಂತರು. ಹಿಂದಿನಿಂದ ಇಡೀ ಫುಟ್‌ಬಾಲ್ ತಂಡ ನೂಕುತ್ತಿತ್ತು.

ಸೀಮೀನ್ ಪ್ಲಾಟ್‌ಫಾರಂನಿಂದ ತಿರುಗಿ ನೋಡಿದರು.

"ಬರ್ತೀರಾ, ಇಲ್ಲ ನಿಮ್ಮನ್ನೂ ಮೂರು ಸಲ ಕರೀಬೇಕಾ?"

ಫರಾಮರ್ಜ್ ಒಂದೇ ಕರೆಗೆ ಇಳಿದರು.