ಒಂದು ಹನಿಯನ್ನೂ ಕಾಣದ ನಲ್ಲಿಯವರಿಗೆ

ಪ್ರೌಢಶಾಲೆಯ ಕೊಳಾಯಿ ಕೆಲಸದ ಕೊಠಡಿಯಲ್ಲಿ, ಕಿಟಕಿ ಪಕ್ಕದ ಗೋಡೆಯ ಮೇಲೆ ವಿರಾಜಮಾನರಾಗಿರುವ ಮಾನ್ಯ ನಲ್ಲಿಯವರೇ,

ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತುಕ್ಕು ಹಿಡಿಯಲು ಬೇಕಾದಷ್ಟು ತೇವವನ್ನೂ ಅಲ್ಲಿ ಯಾರೂ ತಮ್ಮ ಹತ್ತಿರ ಸುಳಿಯಗೊಟ್ಟಿಲ್ಲ. ಕೊಳಾಯಿ ಕೆಲಸವನ್ನೇ ವೃತ್ತಿ ವಿಷಯವಾಗಿ ಆರಿಸಿಕೊಂಡು, ವರ್ಷವಿಡೀ ತಮ್ಮ ಕಿವಿ ಹಿಂಡಿದ ಹತ್ತನೇ ತರಗತಿಯ ಹುಡುಗಿಯ ಸೋದರಮಾವ ನಾನು.

ತಮ್ಮ ಕೊಠಡಿಗೆ ನೀರಿನ ಸಂಪರ್ಕ ಏಕಿಲ್ಲವೆಂದು ಹೆಡ್‌ಮಾಸ್ತರರನ್ನು ಒಮ್ಮೆ ವಿನಯದಿಂದಲೇ ಕೇಳಿದ್ದೆ. "ಹೊಸ ಗೋಡೆ ಕಣ್ರೀ, ಒದ್ದೆಯಾದ್ರೆ ಮತ್ತೆ ಬಣ್ಣ ಹೊಡೆಸೋರು ಯಾರು, ನೀವಾ?" ಎಂದರು. ನೀರಿಗಿಳಿಯದೆ ಈಜು ಬಾರದೆಂದು ನಂಬಿದ್ದ ನಮ್ಮ ಹಳ್ಳಿಯ ಹಿರಿಯರಿಗೆ, ಪಾಪ, ಗೋಡೆಯ ಬಣ್ಣದ ಚಿಂತೆ ಇರಲಿಲ್ಲ. ತಮ್ಮ ಶಿಷ್ಯರು ಜೋಡಿಸಿದ ಪೈಪು ಇಂದಿನವರೆಗೆ ಸೋರಿದ್ದಿಲ್ಲ, ತರಗತಿಗೆ ತರಗತಿಯೇ ಪೂರ್ತಿ ಅಂಕ ಪಡೆದಿದೆ. ನೀರು ಹರಿಯುವ ಯಾವ ಶಾಲೆಗೆ ಇಂಥ ಭಾಗ್ಯವುಂಟು?

ಮೊನ್ನೆ ಈ ಹುಡುಗಿ ನಮ್ಮ ಮನೆಗೆ ಬಂದವಳು, ಅಡುಗೆಮನೆಯ ನಲ್ಲಿ ಬುಡದಲ್ಲಿ ತೊಟ್ಟಿಕ್ಕುವುದನ್ನು ಕಂಡು ತಾನೇ ಸರಿಮಾಡುವೆನೆಂದು ವಾಲ್ವ್ ಮುಚ್ಚಿ, ನಲ್ಲಿ ಬಿಚ್ಚಿ, ಅದರ ತಿರುಪಿನ ಗೆರೆಗಳಿಗೆ ನೀರು ಸೋರದಂತೆ ಬಿಳಿ ಟೇಪನ್ನು ಬಿಗಿಯಾಗಿ ಸುತ್ತಿ ಕೂರಿಸಿದಳು. ನಾನು ಭೇಷ್ ಎಂದೆ. ಆದರೆ ತಮ್ಮ ಕೊಠಡಿಯಲ್ಲಿ, ಮುಂದಿನ ತರಗತಿಗೂ ಇರಲೆಂದು, ಪಾಠ ಮುಗಿದೊಡನೆ ಸುತ್ತಿದ ಟೇಪನ್ನು ಬಿಚ್ಚಿ ಉರುಳೆಗೆ ಮರಳಿಸುವ ಪದ್ಧತಿಯುಂಟಲ್ಲವೇ. ನಾನು ಹಿತ್ತಲಿನ ವಾಲ್ವ್ ತೆರೆಯಲು ಹೋಗುವಷ್ಟರಲ್ಲಿ ಅವಳು ಅದೇ ರೂಢಿಯಂತೆ ನಲ್ಲಿಯನ್ನು ಮತ್ತೆ ಬಿಚ್ಚಿ, ಟೇಪು ಸುಲಿದು, "ಅತ್ತೆ, ಇದನ್ನ ಎತ್ತಿಡಿ, ಬೇಕಾಗುತ್ತೆ" ಎಂದು ನನ್ನ ಹೆಂಡತಿಯ ಕೈಗಿತ್ತು, ಬರಿಯ ನಲ್ಲಿಯನ್ನೇ ತಿರುಗಿಸಿಟ್ಟಿದ್ದಳು. ನಾನು ವಾಲ್ವ್ ತೆರೆದೆ. ಸುತ್ತಲೂ ಚಿಮ್ಮಿದ ನೀರು ಒಲೆ ಆರಿಸಿ, ಹಿಟ್ಟಿನ ಡಬ್ಬಿ ಹೊಕ್ಕು, ನನ್ನ ಹೆಂಡತಿಗೆ ಎರಡನೆಯ ಸ್ನಾನ ಮಾಡಿಸಿತು.

"ನೀರು ಇಷ್ಟು ಜೋರಾಗಿ ಬರುತ್ತಾ ಮಾವ? ನಮಗೆ ಹೇಳೇ ಇರ್ಲಿಲ್ಲ."

"ಇನ್ನೇನು, ನಿನ್ನ ಕೇಳ್ಕೊಂಡು ಬರುತ್ತಾ ಅದು?" ಎಂದಳು ಹೆಂಡತಿ, ಮುಖ ಒರೆಸಿಕೊಳ್ಳುತ್ತ.

ನಾವು ನಕ್ಕೆವು, ಹುಡುಗಿ ನಗಲಿಲ್ಲ. ಬರುವ ಗುರುವಾರ ಮನೆ ಕಟ್ಟಿಸುವ ಕಂಟ್ರಾಕ್ಟರರೊಬ್ಬರು ಕೆಲಸ ಕಲಿಯಲು ಮಕ್ಕಳನ್ನು ಆರಿಸುವವರಿದ್ದಾರೆ, ಪೈಪು ಜೋಡಿಸಿದ ಮೇಲೆ ನೀರು ಬಿಟ್ಟು ನೋಡುವ ಕೆಟ್ಟ ಅಭ್ಯಾಸ ಅವರಿಗುಂಟು. ಮೊನ್ನೆ ರಾತ್ರಿಯೇ ಅವಳು ತನ್ನ ಅಮ್ಮನಿಗೆ, "ನಾನು ಹೋಗಲ್ಲ, ನನ್ನ ಕೈಲಿ ಆಗಲ್ಲ" ಎಂದಳಂತೆ. ಪೂರ್ತಿ ಅಂಕ ಪಡೆದ ಮಗು ತಾನೇ ದಡ್ಡಿಯೆಂದು ತಿಳಿದು ಕೂತಾಗ ನನ್ನ ನಗುವೂ ನಿಂತಿತು.

ಆದಕಾರಣ ತಾವು ಗುರುವಾರದೊಳಗೆ ದಯಮಾಡಿ ಒಂದು ಹನಿಯನ್ನಾದರೂ ಉದುರಿಸಬೇಕು. ಅದು ಘನತೆಗೆ ಕುಂದೆನಿಸಿದರೆ, ಇನ್ನು ಮುಂದೆ ನೀರಿಲ್ಲದ ಮನೆಗಳನ್ನೇ ಕಟ್ಟುವಂತೆ ಕಂಟ್ರಾಕ್ಟರರಿಗೆ ಶಿಫಾರಸು ಮಾಡಬೇಕು. ಅದೂ ಆಗದಿದ್ದರೆ, ಹೆಡ್‌ಮಾಸ್ತರರ ಅಪ್ಪಣೆ ಪಡೆದು, ಸೆರಗು ಸಾವರಿಸಿಕೊಂಡು, ಗೋಡೆಗೆ ತಾಗದಂತೆ ಮೆಲ್ಲಗೆ ಹರಿದು ಬರುವಂತೆ ನೀರಿಗೇ ಬುದ್ಧಿ ಹೇಳಬೇಕು.

ಅಲ್ಲಿಯವರೆಗೆ ನಮ್ಮ ಅಡುಗೆಮನೆಯೇ ಶಾಲೆ. ಗೋಡೆಯ ಬಣ್ಣ ಉದುರಿದೆ, ಹೆಂಡತಿ ಹಿಟ್ಟಿನ ಡಬ್ಬಿಯನ್ನು ನಡುಮನೆಗೆ ಸಾಗಿಸಿದ್ದಾಳೆ, ಹುಡುಗಿ ಬಿಚ್ಚಿ ಕಟ್ಟಿ, ನೆನೆದು ಬೈದು, ನಿನ್ನೆ ಸಂಜೆ ನಲ್ಲಿಯ ಕೆಳಗೆ ಒಣ ಬಟ್ಟೆ ಹಿಡಿದು ಬಹಳ ಹೊತ್ತು ಕೂತಿದ್ದಳು. ವಾಲ್ವ್ ತೆರೆದೇ ಇತ್ತು, ಬಟ್ಟೆ ಒದ್ದೆಯಾಗಲಿಲ್ಲ. ಗುರುವಾರ ಹೋಗುತ್ತಾಳಂತೆ.

ತಮ್ಮ ವಿಶ್ವಾಸಿ,
ಗೋಡೆ ಒದ್ದೆಯಾದ ಮನೆಯ ಯಜಮಾನ

ವಿ.ಸೂ.: ತರಗತಿಗೆಲ್ಲ ಪೂರ್ತಿ ಅಂಕ ಕೊಟ್ಟ ತಮ್ಮ ಕೊಠಡಿಯ ಮೇಷ್ಟ್ರ ಮನೆಯಲ್ಲೂ ನಲ್ಲಿ ಸೋರುತ್ತಿದೆಯಂತೆ. ಒಳ್ಳೆಯ ಕೆಲಸದವನಿದ್ದರೆ ತಿಳಿಸಿ ಎಂದು ಬೀದಿಯಲ್ಲೆಲ್ಲ ವಿಚಾರಿಸುತ್ತಿದ್ದಾರೆ. ತಮ್ಮ ಶಾಲೆಯಲ್ಲಿ ಕಲಿತವರು ಮಾತ್ರ ಬೇಡವಂತೆ.